ಹಳ್ಳಿಗೆ ಮೊದಲು ಟಿವಿ ಎಂದ ವಿಕ್ರಮ್ ಸಾರಾಭಾಯಿ

ರಾಜಧಾನಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳ ಜನ ಟಿವಿ ನೋಡಿದ್ದರು. ಅದೂ ಊರ ಹತ್ತಿರದ ಗೋಪುರವೊಂದರಿಂದ ಬಂದ ಚಿತ್ರವಲ್ಲ. 36 ಸಾವಿರ ಕಿ.ಮೀ. ಎತ್ತರದ ಉಪಗ್ರಹದಿಂದ ನೇರವಾಗಿ ಶಾಲೆಯ ಅಂಗಳಕ್ಕೆ, ಪಂಚಾಯ್ತಿ ಕಟ್ಟೆಗೆ ಇಳಿದ ಚಿತ್ರ. ಬೆಂಗಳೂರಿನ ಸಿರಿವಂತರ ಮನೆಯಲ್ಲೂ ಇಲ್ಲದ ಸೌಲಭ್ಯ ವಿದ್ಯುತ್ತೇ ಸರಿಯಾಗಿರದ ಬಯಲುಸೀಮೆಯ ಹಳ್ಳಿಗೆ ಮೊದಲು ದೊರೆತದ್ದು ಆಕಸ್ಮಿಕವಲ್ಲ. ಹಾಗೆಯೇ ಆಗಬೇಕೆಂದು ಹಟ ಹಿಡಿದವರೊಬ್ಬರಿದ್ದರು. ಅವರು ವಿಕ್ರಮ್ ಅಂಬಾಲಾಲ್ ಸಾರಾಭಾಯಿ. ಆ ಸಂಜೆ ಹಳ್ಳಿಗಳ ಪರದೆ ಬೆಳಗಿದಾಗ ಅವರು ತೀರಿಕೊಂಡು ಮೂರೂವರೆ ವರ್ಷಗಳಾಗಿದ್ದವು.

ಅಂದಿನ ಬಿಜಾಪುರ ಜಿಲ್ಲೆ ಇಂದಿನ ವಿಜಯಪುರದಷ್ಟೇ ಆಗಿರಲಿಲ್ಲ. ಬಾದಾಮಿ, ಹುನಗುಂದ, ಬಾಗಲಕೋಟೆ, ಇಳಕಲ್ಲು ಎಲ್ಲವೂ ಅದರೊಳಗೇ ಇದ್ದವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬಾದಾಮಿಯಿಂದ ಐದು ಕಿ.ಮೀ. ಆಚೆಗಿರುವ ಚೊಳಚಗುಡ್ಡದ ಬನಶಂಕರಿ ಜಾತ್ರೆಯನ್ನು ಬಲ್ಲವರಿಗೆ ಈ ಸೀಮೆಯ ಜನರ ನೋಟದ ಹಸಿವು ಎಂಥದೆಂದು ವಿವರಿಸಬೇಕಿಲ್ಲ. ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ವಾರಗಟ್ಟಲೆ ವೃತ್ತಿನಾಟಕ ಕಂಪನಿಗಳು ಅಲ್ಲಿ ಬೀಡುಬಿಟ್ಟಿರುತ್ತವೆ. ಹಗಲು ಬಾಗಿಲು ಚೌಕಟ್ಟಿನ ವ್ಯಾಪಾರ, ರಾತ್ರಿ ನಾಟಕ. ಚಕ್ಕಡಿ ಕಟ್ಟಿಕೊಂಡು ಬಂದು ಬೆಳಗಿನ ಜಾವದವರೆಗೆ ಕುಳಿತು ನೋಡಿ ಹೋಗುವ ಪರಂಪರೆ ಅದು. ಆದರೆ ಜಾತ್ರೆ ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಹೊರಜಗತ್ತು ಹಳ್ಳಿಗೆ ಬರುತ್ತಿದ್ದದ್ದು ರೇಡಿಯೊ ಒಂದರಿಂದಲೇ. ಈ ಕೊರತೆಯನ್ನು ಭೌತವಿಜ್ಞಾನಿಯೊಬ್ಬರು ಅಹಮದಾಬಾದಿನಲ್ಲಿ ಕುಳಿತು ಲೆಕ್ಕ ಹಾಕಿದ ಕಥೆ ಸ್ವಾರಸ್ಯಕರವಾದುದು.

ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ಆಗರ್ಭ ಶ್ರೀಮಂತ ಜೈನ ಕುಟುಂಬದಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ ಕ್ಯಾಲಿಕೊ ಬಟ್ಟೆ ಗಿರಣಿಯ ಒಡೆಯರು. ತಾಯಿ ಸರಳಾದೇವಿ. ಎಂಟು ಮಕ್ಕಳ ತುಂಬು ಮನೆ. ಮಕ್ಕಳನ್ನು ಹೊರಗಿನ ಶಾಲೆಗೆ ಕಳಿಸುವ ಬದಲು ಶಾಹಿಬಾಗ್‌ನ ತಮ್ಮ ಬಂಗಲೆಯಲ್ಲೇ ತಾಯಿ ಮಾಂಟೆಸರಿ ಪದ್ಧತಿಯ ಶಾಲೆ ತೆರೆದರು. ರವೀಂದ್ರನಾಥ ಟಾಗೋರರಂಥವರು ಆ ಮನೆಗೆ ಅತಿಥಿಗಳಾಗಿ ಬಂದು ಹೋಗುತ್ತಿದ್ದರು. ಗಾಂಧೀಜಿಯ ನಂಟು ಇನ್ನೂ ಹತ್ತಿರದ್ದು, ಇನ್ನೂ ತೊಡಕಿನದು. 1918ರ ಪ್ರಸಿದ್ಧ ಗಿರಣಿ ಮುಷ್ಕರದಲ್ಲಿ ಅಂಬಾಲಾಲ್ ಮಾಲೀಕರ ಪಾಳೆಯದಲ್ಲಿದ್ದರೆ ಅವರ ಸ್ವಂತ ಅಕ್ಕ ಅನಸೂಯಾ ಬೆನ್ ಗಾಂಧೀಜಿಯ ಜೊತೆ ಕಾರ್ಮಿಕರ ಪಾಳೆಯದಲ್ಲಿದ್ದರು. ವಿಕ್ರಮರ ಅಕ್ಕ ಮೃದುಲಾ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ಜೈಲು ಕಂಡವರು. ಹಣವಿದ್ದ ಮನೆಯಲ್ಲಿ ಹಣಕ್ಕೆ ಎದುರಾದ ಮಾತೂ ಊಟದ ಮೇಜಿನ ಮೇಲೆಯೇ ನಡೆಯುತ್ತಿತ್ತು ಎಂಬುದನ್ನು ಮುಂದಿನದೆಲ್ಲಕ್ಕೂ ನೆನಪಿಟ್ಟುಕೊಳ್ಳಬೇಕು.

ಗುಜರಾತ್ ಕಾಲೇಜಿನ ಓದು ಮುಗಿಸಿ 1937ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿದ ಯುವಕ 1940ರಲ್ಲಿ ಪದವಿ ಪಡೆಯುವಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಸಂಶೋಧನೆಗೆ ಅಲ್ಲಿ ಉಳಿಯುವಂತಿರಲಿಲ್ಲ. ಊರಿಗೆ ಮರಳಿದ ವಿಕ್ರಮ್ ಗಿರಣಿಯ ಕಚೇರಿಗೆ ಹೋಗಿ ಕೂರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಸರ್ ಸಿ.ವಿ. ರಾಮನ್ ಇದ್ದರು. ಯುದ್ಧದ ಕಾರಣದಿಂದಲೇ ಕೇಂಬ್ರಿಜ್‌ಗೆ ಮರಳಲಾಗದ ಹೋಮಿ ಭಾಭಾ ಕೂಡ ಅಲ್ಲೇ ಇದ್ದರು. ಭಾರತದ ಅಣುಶಕ್ತಿ ಹಾಗೂ ಬಾಹ್ಯಾಕಾಶ ಕಾರ್ಯಕ್ರಮಗಳ ಇಬ್ಬರು ಕರ್ತೃಗಳು ಮಲ್ಲೇಶ್ವರದ ಪಕ್ಕದ ಒಂದೇ ಆವರಣದಲ್ಲಿ, ಒಂದೇ ಕಾಲದಲ್ಲಿ, ಒಂದೇ ವಿಷಯವಾದ ವಿಶ್ವಕಿರಣಗಳನ್ನು ಬೆನ್ನುಹತ್ತಿದ್ದು ಹಿಟ್ಲರನ ಯುದ್ಧದ ದೆಸೆಯಿಂದ.

ಬಾಹ್ಯಾಕಾಶದಿಂದ ಭೂಮಿಯ ಮೇಲೆ ಸದಾ ಸುರಿಯುವ ಅತಿವೇಗದ ಕಣಗಳಿಗೆ ವಿಶ್ವಕಿರಣ ಎಂದು ಹೆಸರು. ಅವು ಹೊತ್ತುಹೊತ್ತಿಗೆ ಹೇಗೆ ಹೆಚ್ಚು ಕಡಿಮೆಯಾಗುತ್ತವೆ ಎಂಬುದು ವಿಕ್ರಮರ ಪ್ರಶ್ನೆ. ಬೆಂಗಳೂರಿನಲ್ಲಿ ಎಣಿಕೆಯ ಉಪಕರಣಗಳನ್ನು ತಾವೇ ಹೂಡಿ ನಡೆಸಿದ ಪ್ರಯೋಗಗಳ ಫಲವಾಗಿ 1942ರಲ್ಲಿ ಅವರ ಮೊದಲ ಪ್ರಬಂಧ ಪ್ರಕಟವಾಯಿತು. ಮರುವರ್ಷ ಉಪಕರಣಗಳನ್ನು ಹೊತ್ತು ಕಾಶ್ಮೀರದ ಪರ್ವತಗಳನ್ನೇರಿದರು. ಬೆಂಗಳೂರಿನ ದಿನಗಳಲ್ಲೇ ನರ್ತಕಿ ಮೃಣಾಲಿನಿ ಸ್ವಾಮಿನಾಥನ್ ಅವರ ಸ್ನೇಹ ಬೆಳೆದು 1942ರಲ್ಲಿ ಮದುವೆಯೂ ಆಯಿತು. ಕ್ವಿಟ್ ಇಂಡಿಯಾ ಚಳವಳಿ ಉರಿಯುತ್ತಿದ್ದ ಕಾಲವದು. ವರನ ಮನೆಯವರು ಮದುವೆಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ಗೆ ಹೋಗಿ, ಉಷ್ಣವಲಯದ ಅಕ್ಷಾಂಶಗಳಲ್ಲಿ ವಿಶ್ವಕಿರಣಗಳನ್ನು ಕುರಿತ ಸಂಶೋಧನೆಗೆ 1947ರಲ್ಲಿ ಡಾಕ್ಟರೇಟ್ ಪಡೆದು ಬಂದರು.

ಅಲ್ಲಿಂದ ಮುಂದಿನ ಹದಿನೈದು ವರ್ಷಗಳನ್ನು ಸಂಸ್ಥೆಗಳ ಪಟ್ಟಿಯಾಗಿ ಹೇಳಿಬಿಡಬಹುದು, ಏಕೆಂದರೆ ಬದುಕೇ ಹಾಗಿತ್ತು. 1947ರ ನವೆಂಬರ್‌ನಲ್ಲಿ ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯ. ಅದೇ ವರ್ಷ ಜವಳಿ ಉದ್ಯಮದ ಸಂಶೋಧನೆಗಾಗಿ ಅಟಿರಾ. 1949ರಲ್ಲಿ ಪತ್ನಿಯೊಡನೆ ದರ್ಪಣ ನೃತ್ಯ ಅಕಾಡೆಮಿ. 1961ರಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆ. ಇದರ ನಡುವೆ ಬರೋಡದ ಔಷಧ ಕಾರ್ಖಾನೆ, ಮಾರುಕಟ್ಟೆ ಸಮೀಕ್ಷೆಯ ಸಂಸ್ಥೆ. ಇವರ ಶಿಷ್ಯರಲ್ಲೊಬ್ಬರು ಉಡುಪಿಯ ಅದಮಾರಿನಿಂದ ಬಂದ ಹುಡುಗ ಯು.ಆರ್. ರಾವ್. ಅವರ ವಿಶ್ವಕಿರಣ ಸಂಶೋಧನೆಗೆ ಮಾರ್ಗದರ್ಶಕರು ಸಾರಾಭಾಯಿಯೇ. ಮುಂದೆ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿ 1975ರ ಏಪ್ರಿಲ್‌ನಲ್ಲಿ ಹಾರಿಸಿದವರು ಇದೇ ರಾವ್.

ಅಟಿರಾದ ಅನುಭವ ಇಲ್ಲಿ ಮುಖ್ಯ. ನೂಲಿನ ಗುಣಮಟ್ಟ ಅಳೆಯಿರಿ, ಲೆಕ್ಕವಿಡಿ ಎಂದು ಸಾರಾಭಾಯಿ ಹೇಳಿದಾಗ ಗಿರಣಿಗಳಲ್ಲಿ ಪ್ರತಿರೋಧ ಎದುರಾಯಿತು. ತಲೆಮಾರುಗಳಿಂದ ಕೈಬೆರಳಲ್ಲೇ ನೂಲು ಉಜ್ಜಿ ಗುಣ ಹೇಳುತ್ತಿದ್ದವರಿಗೆ ಪ್ರಯೋಗಾಲಯದ ಹುಡುಗರ ಮಾತು ಹಿಡಿಸುವುದು ಸುಲಭವಲ್ಲ. ಹೊಸ ಯಂತ್ರ ತಂದಿಟ್ಟರೆ ಸಾಲದು, ಅದನ್ನು ಬಳಸುವವರ ಮನಸ್ಸನ್ನೂ ಅಧ್ಯಯನ ಮಾಡಬೇಕು ಎಂದು ಅಟಿರಾದಲ್ಲಿ ಮನೋವಿಜ್ಞಾನದ ವಿಭಾಗವನ್ನೂ ತೆರೆದರು. ಟಿವಿಯ ವಿಷಯದಲ್ಲಿ ತಂತ್ರಜ್ಞರ ಜೊತೆಗೆ ಸಮಾಜಶಾಸ್ತ್ರಜ್ಞರನ್ನೂ ಹಳ್ಳಿಗೆ ಕಳಿಸುವ ಯೋಜನೆ ಹುಟ್ಟಿದ್ದರ ಬೇರು ಇಲ್ಲಿದೆ.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಯ ರಾಷ್ಟ್ರೀಯ ಸಮಿತಿ ರಚನೆಯಾಗಿ ಸಾರಾಭಾಯಿ ಅದರ ಅಧ್ಯಕ್ಷರಾದರು. ಮರುವರ್ಷ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಚರ್ಚನ್ನೇ ಕಾರ್ಯಾಗಾರ ಮಾಡಿಕೊಂಡ ಕಥೆ, ಸೈಕಲ್ ಮೇಲೆ ರಾಕೆಟ್ ಭಾಗ ಸಾಗಿಸಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಷ್ಟಾಗಿ ಪ್ರಚಾರ ಪಡೆಯದಿರುವುದು ಅದರ ಬೆನ್ನಲ್ಲೇ ಎದ್ದ ಪ್ರಶ್ನೆ. ಅನ್ನಕ್ಕೆ ಗೋಧಿ ಹಡಗು ಕಾಯುತ್ತಿದ್ದ ದೇಶಕ್ಕೆ ರಾಕೆಟ್ ಏಕೆ? ಸಾರಾಭಾಯಿ ಕೊಟ್ಟ ಉತ್ತರದಲ್ಲಿ ಚಂದ್ರನಿಗೆ ಹೋಗುವ ಮಾತಿರಲಿಲ್ಲ. ಹವಾಮಾನ, ದೂರವಾಣಿ, ಶಿಕ್ಷಣ ಇವಿಷ್ಟೇ ಇದ್ದವು. ಅವುಗಳಲ್ಲಿ ಅವರು ಹೆಚ್ಚು ಒತ್ತುಕೊಟ್ಟದ್ದು ಟಿವಿಗೆ.

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದೇ ಪ್ರಾಯೋಗಿಕ ಪ್ರಸಾರ ಆರಂಭವಾಗಿತ್ತಾದರೂ ಅದು ರಾಜಧಾನಿಯ ಆಟಿಕೆಯಂತಿತ್ತು. ಸಾರಾಭಾಯಿ ಅವರ ಒತ್ತಾಸೆಯಿಂದ ಅಣುಶಕ್ತಿ ಇಲಾಖೆಯೂ ಕೈಜೋಡಿಸಿ 1967ರ ಜನವರಿ 26ರಂದು ಕೃಷಿ ದರ್ಶನ ಶುರುವಾಯಿತು. ದೆಹಲಿಯ ಸುತ್ತಲಿನ 80 ಹಳ್ಳಿಗಳಲ್ಲಿ ಸಮುದಾಯಕ್ಕೊಂದರಂತೆ ಟಿವಿ ಇಟ್ಟರು. ರೈತ ಕಾರ್ಯಕ್ರಮಕ್ಕೂ ಅಣುಶಕ್ತಿಗೂ ಏನು ಸಂಬಂಧ ಎಂದು ಕೇಳಬಹುದು. ಭಾಭಾ 1966ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಣುಶಕ್ತಿ ಆಯೋಗದ ಅಧ್ಯಕ್ಷ ಸ್ಥಾನ ಸಾರಾಭಾಯಿ ಅವರ ಹೆಗಲೇರಿತ್ತು, ಅಷ್ಟೇ ಸಂಬಂಧ. ಬಾಂಬ್ ತಯಾರಿಸಬೇಕೆಂಬ ಒತ್ತಡ ಬಲವಾಗಿದ್ದ ಕಾಲದಲ್ಲಿ ಅದರ ಉಪಯುಕ್ತತೆಯನ್ನೇ ಬಹಿರಂಗವಾಗಿ ಪ್ರಶ್ನಿಸಿದ ಅಧ್ಯಕ್ಷರು ಇಲಾಖೆಯೊಳಗೆ ಎಲ್ಲರಿಗೂ ಪ್ರಿಯರಾಗಿರಲಿಲ್ಲ.

ಅವರ ಟಿವಿ ವಾದ 1969ರ ಹೊತ್ತಿಗೆ ಸ್ಪಷ್ಟ ರೂಪ ತಳೆಯಿತು. ಬಡ ದೇಶಗಳಲ್ಲೆಲ್ಲ ಟಿವಿ ಮೊದಲು ದೊಡ್ಡ ನಗರಕ್ಕೆ ಬರುತ್ತದೆ, ಜಾಹೀರಾತಿನ ಹಣದಿಂದ ಬೆಳೆಯುತ್ತದೆ, ಹಳ್ಳಿಗೆ ತಲುಪುವಷ್ಟರಲ್ಲಿ ನಗರದವರ ಅಭಿರುಚಿಯೇ ಅದರ ಗುಣವಾಗಿಬಿಟ್ಟಿರುತ್ತದೆ. ನಗರದ ಮನುಷ್ಯನಿಗೆ ಸಿನಿಮಾ ಉಂಟು, ಪತ್ರಿಕೆ ಉಂಟು, ಶಾಲೆ ಉಂಟು. ಏನೂ ಇಲ್ಲದವನಿಗೆ ಟಿವಿಯ ಲಾಭ ಹೆಚ್ಚು. ಹಾಗಾಗಿ ಕ್ರಮವನ್ನು ತಲೆಕೆಳಗು ಮಾಡಿ, ದೂರದ ಹಿಂದುಳಿದ ಹಳ್ಳಿಯಿಂದಲೇ ಆರಂಭಿಸಿ ಎಂಬುದು ಅವರ ನಿಲುವು. ಗೋಪುರದಿಂದ ಗೋಪುರಕ್ಕೆ ಜಾಲ ನೆಯ್ದು ದೇಶ ತುಂಬಲು ದಶಕಗಳು ಬೇಕು. ಉಪಗ್ರಹಕ್ಕಾದರೋ ದೆಹಲಿಯೂ ಒಂದೇ, ದೇವದುರ್ಗವೂ ಒಂದೇ. ಆದ್ದರಿಂದ ನಗರಕ್ಕೆ ಗೋಪುರ, ಹಳ್ಳಿಗೆ ಉಪಗ್ರಹ, ಹೀಗೆ ಎರಡನ್ನೂ ಬೆರೆಸಿದರೆ ಖರ್ಚು ಕಡಿಮೆ ಎಂದು ಅಮೆರಿಕದ ನಾಸಾ ಜೊತೆ ಸೇರಿ ನಡೆಸಿದ ಅಧ್ಯಯನಗಳು ತೋರಿಸಿದವು.

ಉಪಗ್ರಹದಿಂದ ಬರುವ ಚಿತ್ರ ಎಂದರೆ ನಿಜವಾಗಿ ಏನು ಎಂಬುದನ್ನು ಇಲ್ಲಿ ಕೊಂಚ ನಿಂತು ನೋಡುವುದು ಒಳ್ಳೆಯದು. ಹಳೆಯ ಟಿವಿಯ ಪರದೆಯ ಮೇಲೆ ಚಿತ್ರವೆಂಬ ಇಡಿಯಾದ ವಸ್ತು ಎಂದೂ ಇರುತ್ತಿರಲಿಲ್ಲ. ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ ಮೇಲಿನಿಂದ ಕೆಳಗಿಳಿಯುತ್ತಿತ್ತು. ಭಾರತ ಒಪ್ಪಿಕೊಂಡ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಆದರೆ ಸೆಕೆಂಡಿಗೆ 25 ಸಲ ಮಾತ್ರ ಬೆಳಗುವ ಪರದೆ ಕಣ್ಣಿಗೆ ಮಿಣುಕುತ್ತದೆ. 50 ಸಲವಾದರೂ ಬೆಳಗಬೇಕು. 50 ಪೂರ್ಣ ಚಿತ್ರ ಕಳಿಸೋಣವೆಂದರೆ ತರಂಗಪಥದ ಅಗಲ ಇಮ್ಮಡಿ ಬೇಕಾಗುತ್ತದೆ. ಇದಕ್ಕೆ 1930ರ ಆಸುಪಾಸಿನಲ್ಲಿ ಜರ್ಮನಿಯ ಫ್ರಿಟ್ಜ್ ಶ್ರೋಟರ್, ಅಮೆರಿಕದ ರ‍್ಯಾಂಡಲ್ ಬಲ್ಲಾರ್ಡ್ ಮೊದಲಾದವರು ಕಂಡುಕೊಂಡ ಉಪಾಯ ಅತಿ ಸರಳ. ಮೊದಲ ಸುತ್ತಿನಲ್ಲಿ ಬೆಸ ಸಂಖ್ಯೆಯ ಗೆರೆಗಳನ್ನು ಮಾತ್ರ ಎಳೆಯುವುದು, ಎರಡನೆಯ ಸುತ್ತಿನಲ್ಲಿ ಬಿಟ್ಟ ಸಂದುಗಳಲ್ಲಿ ಸಮ ಸಂಖ್ಯೆಯವನ್ನು ತುಂಬುವುದು. ಹೀಗೆ ಸುತ್ತೊಂದಕ್ಕೆ ಮುನ್ನೂರ ಹನ್ನೆರಡೂವರೆ ಗೆರೆ. ಆ ಅರ್ಧ ಗೆರೆಯಲ್ಲೇ ಜಾಣ್ಮೆಯೆಲ್ಲ ಅಡಗಿದೆ. ಅದು ಇರುವುದರಿಂದಲೇ ಎರಡನೆಯ ಸುತ್ತು ಮೊದಲನೆಯದರ ಮೇಲೆ ಬೀಳದೆ ಸಂದಿನಲ್ಲಿ ಕೂರುತ್ತದೆ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಾರಲ್ಲ, ಒಂದು ಎಳೆ ಜಾರಿದರೂ ಸೆರಗು ಹೇಗೆ ಹೇಳಿಬಿಡುತ್ತದೋ ಹಾಗೆ ಇಲ್ಲಿ ಅರ್ಧ ಗೆರೆ ತಪ್ಪಿದರೆ ಚಿತ್ರ ಹೇಳಿಬಿಡುತ್ತದೆ. ಗಿರಣಿಯ ಮನೆತನದಲ್ಲಿ ಹುಟ್ಟಿದವರಿಗೆ ಹಾಸು ಹೊಕ್ಕಿನ ಈ ವಿದ್ಯೆ ಅಪರಿಚಿತವೆನಿಸಿರಲಿಕ್ಕಿಲ್ಲ.

ಈ ಹೆಣಿಗೆಯ ಚಿತ್ರವನ್ನು ಆಕಾಶದಿಂದ ಹಳ್ಳಿಯ ಸಾಮಾನ್ಯ ಟಿವಿಗೆ ಇಳಿಸುವುದು ಬೇರೆಯೇ ಸಮಸ್ಯೆ. ಟಿವಿ ಗೋಪುರಗಳು ಒಂದು ರೀತಿಯಲ್ಲಿ ಸಂಕೇತ ಕಳಿಸಿದರೆ ಉಪಗ್ರಹ ಇನ್ನೊಂದು ರೀತಿಯಲ್ಲಿ, ಅತಿ ಕ್ಷೀಣವಾಗಿ ಕಳಿಸುತ್ತದೆ. ನಡುವೆ ದುಭಾಷಿಯಂಥ ಪೆಟ್ಟಿಗೆಯೊಂದು ಬೇಕು. ಅದು ಅಗ್ಗವಾಗಿರಬೇಕು, ವೋಲ್ಟೇಜ್ ಏರಿಳಿತಕ್ಕೆ ಸುಡಬಾರದು, ಬಿಸಿಲು ಧೂಳು ತಡೆಯಬೇಕು. ವಿದೇಶದಿಂದ ತರಿಸುವ ದಾರಿ ಸುಲಭವಿತ್ತು. ಇಲ್ಲಿಯೇ ಮಾಡಬೇಕೆಂಬುದು ಸಾರಾಭಾಯಿ ಅವರ ಹಟ. ಅದಕ್ಕೆ ಬೇಕಾದ ನೆಲೆಗಳನ್ನು ಅವರು ಮೊದಲೇ ಹಾಕಿಟ್ಟಿದ್ದರು. 1967ರಲ್ಲಿ ಅಹಮದಾಬಾದಿನಲ್ಲಿ ಪ್ರಾಯೋಗಿಕ ಉಪಗ್ರಹ ಸಂಪರ್ಕ ಭೂಕೇಂದ್ರ ತಲೆಯೆತ್ತಿತು. ಅದೇ ವರ್ಷ ಅಣುಶಕ್ತಿ ಇಲಾಖೆಯ ಅಡಿಯಲ್ಲಿ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ಎ.ಎಸ್. ರಾವ್ ನೇತೃತ್ವದ ಆ ಸಂಸ್ಥೆಯ ಟಿಡಿಸಿ-12 ಎಂಬ ಕಂಪ್ಯೂಟರ್ 1969ರಲ್ಲಿ ಬಳಕೆಗೆ ಬಂತು. ಮುಂದೆ ಇಸಿ ಟಿವಿ ಎಂಬ ಹೆಸರು ಮನೆಮಾತಾದದ್ದೂ ಇದರಿಂದಲೇ. ಒಂದೇ ಸಂಸ್ಥೆಯಲ್ಲಿ ಕಂಪ್ಯೂಟರೂ ಟಿವಿಯೂ ತಯಾರಾಗುತ್ತಿದ್ದರೂ ಒಂದನ್ನು ಇನ್ನೊಂದಕ್ಕೆ ಜೋಡಿಸುವ ಅಗತ್ಯ ಆಗ ಯಾರಿಗೂ ಬಿದ್ದಿರಲಿಲ್ಲ. ಅಂದಿನ ಕಂಪ್ಯೂಟರ್ ತನ್ನ ಉತ್ತರವನ್ನು ಕಾಗದದ ಮೇಲೆ ಟೈಪಿಸಿ ಕೊಡುತ್ತಿತ್ತು.

1969ರ ಸೆಪ್ಟೆಂಬರ್ 18ರಂದು ನಾಸಾ ಆಡಳಿತಾಧಿಕಾರಿ ಥಾಮಸ್ ಪೇನ್ ಮತ್ತು ಸಾರಾಭಾಯಿ ಒಪ್ಪಂದಕ್ಕೆ ಸಹಿ ಹಾಕಿದರು. ಇಸ್ರೋ ಹುಟ್ಟಿ ಆಗಿನ್ನೂ ಒಂದು ತಿಂಗಳು. ಅಮೆರಿಕ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಎರವಲು ಕೊಡುವುದು, ನೆಲದ ಮೇಲಿನದೆಲ್ಲವೂ, ಅಂದರೆ ಭೂಕೇಂದ್ರ, ಟಿವಿ, ಕಾರ್ಯಕ್ರಮ, ದುರಸ್ತಿ, ಭಾರತದ ಹೊಣೆ. ಇಬ್ಬರ ನಡುವೆ ಹಣದ ವಿನಿಮಯವಿಲ್ಲ. ಶೀತಲಯುದ್ಧದ ದಿನಗಳಲ್ಲಿ ಇಂಥ ಒಪ್ಪಂದಕ್ಕೆ ದೆಹಲಿಯನ್ನೂ ವಾಷಿಂಗ್ಟನ್ನನ್ನೂ ಒಪ್ಪಿಸಿದ್ದು ರಾಕೆಟ್ ಹಾರಿಸುವುದಕ್ಕಿಂತ ಕಷ್ಟದ ಕೆಲಸ. ಎರವಲು ಉಪಗ್ರಹಕ್ಕೆ ಇಷ್ಟು ಖರ್ಚೇಕೆ, ವರ್ಷದ ನಂತರ ಏನು ಎಂಬ ಆಕ್ಷೇಪ ಅಂದೇ ಎದ್ದಿತ್ತು. ಆಕ್ಷೇಪ ಪೂರ್ತಿ ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು.

ಸಾರಾಭಾಯಿ ತಮ್ಮ ಮೇಲೆ ಹೇರಿಕೊಂಡ ಭಾರ ಮಿತಿಮೀರಿತ್ತು. ಮುಂಬಯಿಯಲ್ಲಿ ಅಣುಶಕ್ತಿ, ಅಹಮದಾಬಾದಿನಲ್ಲಿ ಸಂಶೋಧನಾಲಯ, ತಿರುವನಂತಪುರದಲ್ಲಿ ರಾಕೆಟ್, ದೆಹಲಿಯಲ್ಲಿ ಸರ್ಕಾರ. ಸಭೆಗಳು ವಿಮಾನ ನಿಲ್ದಾಣಗಳಲ್ಲಿ, ರೈಲುಗಳಲ್ಲಿ ನಡೆಯುತ್ತಿದ್ದವು. 1971ರ ಡಿಸೆಂಬರ್ ಕೊನೆಗೆ ತುಂಬಾ ಕೇಂದ್ರದ ಕೆಲಸಕ್ಕೆಂದು ಹೋಗಿದ್ದರು. 30ರ ಬೆಳಿಗ್ಗೆ ಕೋವಳಂ ಕಡಲತೀರದ ಅತಿಥಿಗೃಹದ ಕೋಣೆಯಲ್ಲಿ, ನಿದ್ದೆಯಲ್ಲೇ ಪ್ರಾಣ ಹೋಗಿರುವುದು ಕಂಡಿತು. ಆಗ ಅವರಿಗೆ 52 ವರ್ಷ. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಅನುಮಾನದ ಮಾತುಗಳು ಈಗಲೂ ಆಗಾಗ ಏಳುವುದಕ್ಕೆ ಅದೊಂದು ಕಾರಣ. 1966ರಲ್ಲಿ ಪದ್ಮಭೂಷಣ ಪಡೆದಿದ್ದ ಅವರಿಗೆ 1972ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಅದೇ ವರ್ಷ ಇಸ್ರೋ ಹೊಣೆ ಹೊತ್ತ ಸತೀಶ್ ಧವನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನವನ್ನೂ ಬಿಡಲಿಲ್ಲ. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿಗೇ ಬಂತು.

ಟಿವಿ ಯೋಜನೆ ಮಾತ್ರ ನಿಲ್ಲಲಿಲ್ಲ. ಇ.ವಿ. ಚಿಟ್ನಿಸ್, ಯಶಪಾಲ್ ಮೊದಲಾದವರು ಅದನ್ನು ದಡ ಮುಟ್ಟಿಸಿದರು. 1974ರ ಮೇ 30ರಂದು ಉಡಾವಣೆಯಾದ ಎಟಿಎಸ್-6 ಬಾಹ್ಯಾಕಾಶದಲ್ಲಿ ಒಂಬತ್ತು ಮೀಟರ್ ಅಗಲದ ಕೊಡೆ ಬಿಚ್ಚಿತು; ಮರುವರ್ಷ ಅದನ್ನು ಆಫ್ರಿಕಾದ ಮೇಲಿನ ನೆಲೆಗೆ ಸರಿಸಿ ಭಾರತದತ್ತ ಮುಖ ಮಾಡಿಸಿದರು. ಕರ್ನಾಟಕ, ಆಂಧ್ರ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನಗಳ ಸುಮಾರು 2,400 ಹಳ್ಳಿಗಳಿಗೆ ನೇರ ಟಿವಿ ಬಂತು. ಕರ್ನಾಟಕದ ಪಾಲಿಗೆ ಬಂದವು ಬಿಜಾಪುರ, ಗುಲ್ಬರ್ಗಾ, ರಾಯಚೂರು. ಹಿಂದುಳಿದ ಪ್ರದೇಶವಾಗಿರಬೇಕೆಂಬುದೇ ಆಯ್ಕೆಯ ಮುಖ್ಯ ಮಾನದಂಡವಾಗಿದ್ದರಿಂದ, ಬಹುಶಃ ಮೊದಲ ಬಾರಿಗೆ, ಹಿಂದುಳಿದಿರುವುದರಿಂದ ಈ ಜಿಲ್ಲೆಗಳಿಗೆ ಏನಾದರೂ ಮೊದಲು ದಕ್ಕಿತು.

ಹಳ್ಳಿಯಲ್ಲಿ ನೆಟ್ಟದ್ದು ಮೂರು ಮೀಟರ್ ಅಗಲದ ಬುಟ್ಟಿಯಂಥ ಆ್ಯಂಟೆನಾ. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ್ದು. ಉಪಗ್ರಹ ಅರಬ್ಬೀ ಸಮುದ್ರದಾಚೆ ಇದ್ದುದರಿಂದ ಈ ಸೀಮೆಯ ಬುಟ್ಟಿಗಳೆಲ್ಲ ಪಡುವಣಕ್ಕೆ ಮುಖವೆತ್ತಿ ನಿಂತಿದ್ದವು. ಬೆಳಿಗ್ಗೆ ಒಂದೂವರೆ ತಾಸು ಶಾಲಾ ಮಕ್ಕಳಿಗೆ; ಸಂಜೆ ಎರಡೂವರೆ ತಾಸು ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಜಾನಪದ ಕಲೆ. ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಹೊತ್ತು ತರಬಲ್ಲದಾಗಿತ್ತು. ಆದ್ದರಿಂದ ಒಂದೇ ದೃಶ್ಯ ಗಡಿಯ ಆಚೆ ತೆಲುಗಿನಲ್ಲೂ ಈಚೆ ಕನ್ನಡದಲ್ಲೂ ಮಾತಾಡಬಹುದಿತ್ತು. ಜೋಳ, ಹತ್ತಿ ಬೆಳೆಯುವ ನೆಲಕ್ಕೆ ರಾಜ್ಯದ ಗಡಿ ಅಷ್ಟಾಗಿ ಲೆಕ್ಕಕ್ಕಿಲ್ಲವಲ್ಲ.

ಮೊದಲ ವಾರಗಳಲ್ಲಿ ಜನ ಜಾತ್ರೆಯಂತೆ ನೆರೆದರು. ಹೊಸತನ ಮಾಸಿದಂತೆ ಸಂಖ್ಯೆ ಇಳಿದು ಒಂದು ಮಟ್ಟದಲ್ಲಿ ನಿಂತಿತು. ಸಮಾಜಶಾಸ್ತ್ರಜ್ಞರ ಮೌಲ್ಯಮಾಪನದಲ್ಲಿ ಎದ್ದು ಕಂಡ ಅಂಶವೆಂದರೆ, ತಿಳಿವಳಿಕೆಯ ಲಾಭ ಹೆಚ್ಚಾಗಿ ಆದದ್ದು ಅನಕ್ಷರಸ್ಥರಿಗೆ, ಹೆಂಗಸರಿಗೆ. ಏನೂ ಇಲ್ಲದವನಿಗೆ ಲಾಭ ಹೆಚ್ಚೆಂಬ ಸಾರಾಭಾಯಿ ಅವರ ಊಹೆ ಅಷ್ಟರಮಟ್ಟಿಗೆ ನಿಜವಾಯಿತು. ಟಿವಿ ಇದೆಯೆಂದು ಶಾಲೆಗೆ ಮಕ್ಕಳ ಹಾಜರಾತಿ ಏರಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಮರೆಮಾಚದೆ ಹೇಳಿತು. ಇಡೀ ವರ್ಷ ತುರ್ತು ಪರಿಸ್ಥಿತಿಯ ವರ್ಷವಾಗಿತ್ತು. ಸರ್ಕಾರದ ಮಾತಿಗೆ ಎದುರು ಮಾತಿಲ್ಲದ ಕಾಲದಲ್ಲಿ ಸರ್ಕಾರಿ ಟಿವಿ ಹಳ್ಳಿಗೆ ಬಂದದ್ದರ ಕಹಿಯನ್ನು ಈ ಯೋಜನೆಯ ಅಭಿಮಾನಿಗಳು ಸಾಮಾನ್ಯವಾಗಿ ನೆನಪಿಸಿಕೊಳ್ಳುವುದಿಲ್ಲ.

1976ರ ಜುಲೈ 31ಕ್ಕೆ ಗಡುವು ಮುಗಿಯಿತು. ಉಪಗ್ರಹವನ್ನು ಅಮೆರಿಕ ಹಿಂದಕ್ಕೆ ಸರಿಸಿಕೊಂಡಿತು, ಹಳ್ಳಿಯ ಪರದೆ ಕಪ್ಪಾಯಿತು. ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರ ಬಂತಾದರೂ ಗೋಪುರದ ಕಣ್ಣಿಗೆ ಕಾಣುವಷ್ಟೇ ಅದರ ವ್ಯಾಪ್ತಿ. 200 ಕಿ.ಮೀ. ದೂರದ ಬಾದಾಮಿ ಸೀಮೆ ಅದರಿಂದ ಹೊರಗೇ ಉಳಿಯಿತು. ಒಂದು ವರ್ಷ ಎಲ್ಲರಿಗಿಂತ ಮೊದಲು ನೋಡಿದವರು ಅನಂತರ ವರ್ಷಗಟ್ಟಲೆ ಎಲ್ಲರಿಗಿಂತ ಹಿಂದೆ ಕಾಯಬೇಕಾಯಿತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಬಣ್ಣದ ಟಿವಿ ಬಂದಾಗ ಅದು ಬಂದದ್ದು ದೆಹಲಿಗೆ, ಉಳ್ಳವರ ಮನೆಗೆ, ಜಾಹೀರಾತಿನ ಬೆನ್ನೇರಿ. ಸಾರಾಭಾಯಿ ತಲೆಕೆಳಗು ಮಾಡಲು ಬಯಸಿದ ಕ್ರಮ ಮತ್ತೆ ನೆಟ್ಟಗಾಗಿತ್ತು. ದೇಶದ್ದೇ ಆದ ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಮೇಲೇರಿದ ಬಳಿಕ ಊರೂರಿಗೆ ಸಣ್ಣ ಗೋಪುರಗಳು ಬಂದವು. ಆ ಉಪಗ್ರಹವನ್ನು ನಡೆಸಿದ ಎಂಜಿನಿಯರುಗಳಿಗೆ, ಕಾರ್ಯಕ್ರಮ ಮಾಡಿದವರಿಗೆ ಎರವಲು ಉಪಗ್ರಹದ ಆ ಒಂದು ವರ್ಷವೇ ಪಾಠಶಾಲೆಯಾಗಿತ್ತು ಎಂಬುದನ್ನು ಮರೆತು ಲೆಕ್ಕ ಹಾಕುವಂತಿಲ್ಲ.

ಹೈದರಾಬಾದಿನಲ್ಲಿ ಪಕ್ಕಪಕ್ಕದಲ್ಲಿದ್ದೂ ದೂರವಿದ್ದ ಕಂಪ್ಯೂಟರ್ ಮತ್ತು ಟಿವಿ ಒಂದಾಗಲು ಹೊರಟದ್ದು ಸಾರಾಭಾಯಿ ತೀರಿಕೊಂಡು ಹತ್ತು ಹನ್ನೆರಡು ವರ್ಷಗಳ ಮೇಲೆ. 1980ರ ದಶಕದ ಅಗ್ಗದ ಕಂಪ್ಯೂಟರುಗಳು ಮನೆಯ ಟಿವಿಯನ್ನೇ ಪರದೆ ಮಾಡಿಕೊಂಡವು. ಸರ್ಕಾರ 1984ರಲ್ಲಿ ಶಾಲೆಗಳಿಗೆ ಹಂಚಲಾರಂಭಿಸಿದ ಬಿಬಿಸಿ ಮೈಕ್ರೊ ಅಂಥದೇ ಜಾತಿ. ಅವುಗಳಲ್ಲಿ ಹಲವು ಹೆಣಿಗೆಯ ಗೊಡವೆಯೇ ಬೇಡವೆಂದು ಆ ಅರ್ಧ ಗೆರೆಯನ್ನು ಕೈಬಿಟ್ಟು, 312 ಗೆರೆಗಳ ಸುತ್ತನ್ನೇ ಅದದೇ ಜಾಗದಲ್ಲಿ ಮತ್ತೆ ಮತ್ತೆ ಎಳೆದವು. ಚಿತ್ರ ಒರಟಾಯಿತು, ಆದರೆ ನಡುಗಲಿಲ್ಲ. 1987ರಲ್ಲಿ ವಿಜಿಎ ಕಾರ್ಡ್ ಬಂದ ಮೇಲೆ ಕಂಪ್ಯೂಟರ್ ತನ್ನದೇ ಹಾದಿ ಹಿಡಿಯಿತು. ಟಿವಿ ಸೆಕೆಂಡಿಗೆ 15,625 ಗೆರೆ ಎಳೆದರೆ ಇದು 31 ಸಾವಿರಕ್ಕೂ ಹೆಚ್ಚು ಎಳೆಯುತ್ತಿತ್ತು, ಅದೂ ಒಂದರ ಕೆಳಗೊಂದು, ಸಂದು ಬಿಡದೆ. ಅದರ ತಂತಿಯನ್ನು ನೇರ ಟಿವಿಗೆ ಸಿಕ್ಕಿಸಿದರೆ ಕಾಣುವುದು ಓರೆಕೋರೆ ಪಟ್ಟಿಗಳು ಮಾತ್ರ.

ಆದರೆ ಕಂಪ್ಯೂಟರಿನ ಬರಹ ಟಿವಿಗೆ ಬೇಕೇ ಬೇಕಿತ್ತು. ಸುದ್ದಿಯ ಶೀರ್ಷಿಕೆ, ಕೇಬಲ್ ವಾಹಿನಿಯ ಜಾಹೀರಾತು, ಮದುವೆ ವಿಡಿಯೊದಲ್ಲಿ ವಧೂವರರ ಹೆಸರು, ಎಲ್ಲಕ್ಕೂ. ಟಿವಿ-ಔಟ್ ಇದ್ದ ಕಾರ್ಡುಗಳು ಮಾಡಿದ್ದು ಮೂರು ಕೆಲಸ: ಗೆರೆಗಳ ವೇಗವನ್ನು ಟಿವಿಯ ನಡಿಗೆಗೆ ಇಳಿಸುವುದು, ಬೆಸ ಸಮ ಗೆರೆಗಳನ್ನು ಬೇರ್ಪಡಿಸಿ ಸರದಿಯಲ್ಲಿ ಕಳಿಸುವುದು, ಅಕ್ಕಪಕ್ಕದ ಗೆರೆಗಳನ್ನು ಕೊಂಚ ಬೆರೆಸಿ ಮಸುಕಾಗಿಸುವುದು. ಮೂರನೆಯದು ಬಿಟ್ಟರೆ ಒಂದೇ ಗೆರೆಯಷ್ಟು ತೆಳುವಾದ ಅಡ್ಡಗೀಟು ಒಂದು ಸುತ್ತಿನಲ್ಲಿ ಮಾತ್ರ ಕಂಡು ಮುಂದಿನದರಲ್ಲಿ ಮಾಯವಾಗಿ, ಸೆಕೆಂಡಿಗೆ 25 ಸಲ ಮಿಣುಕುತ್ತದೆ. ಕ್ಯಾಮೆರಾ ಹಿಡಿದ ಚಿತ್ರದಲ್ಲಿ ಇಷ್ಟು ಚೂಪಾದ ಗೀಟು ಇರುವುದೇ ಅಪರೂಪ. ಕಂಪ್ಯೂಟರಿನಲ್ಲಿ ಅದೇ ಹೆಚ್ಚು. ಕನ್ನಡದ ಅಕ್ಷರಗಳಿಗಂತೂ ತಲೆಕಟ್ಟೇ ಒಂದು ಅಡ್ಡಗೀಟು. ತಲೆಕಟ್ಟು ನಡುಗದಂತೆ ದಪ್ಪ ಮಾಡಿದರೆ ಕೆಳಗಿನ ಒತ್ತಕ್ಷರಕ್ಕೆ ಜಾಗ ಸಾಲದು, ಮಸುಕಾಗಿಸಿದರೆ ಒತ್ತಕ್ಷರ ಕಲಸಿಹೋಗುತ್ತದೆ. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಕಂಪ್ಯೂಟರ್ ಪರದೆಗೆ ಕನ್ನಡ ಸೇರಿದಂತೆ ಭಾರತೀಯ ಲಿಪಿಗಳನ್ನು ತಂದಿತ್ತು. ಟಿವಿ ಪರದೆಯಲ್ಲಿ ಅದೇ ಲಿಪಿ ಸ್ಥಿರವಾಗಿ ನಿಲ್ಲಲು ಅಕ್ಷರದ ಗಾತ್ರದ ಜೊತೆ, ದಪ್ಪದ ಜೊತೆ ಹೆಣಗಬೇಕಾಗುತ್ತಿತ್ತು. ಗಾಜಿನ ಕೊಳವೆಯ ಟಿವಿ ಹೋಗಿ ಚಪ್ಪಟೆ ಪರದೆ ಬಂದರೂ ಬೆಸ ಸಮ ಗೆರೆಗಳ ಪದ್ಧತಿ ಅನೇಕ ವಾಹಿನಿಗಳ ಪ್ರಸಾರದಲ್ಲಿ ಉಳಿದುಕೊಂಡಿದೆ. ಬಿಜಾಪುರ ಜಿಲ್ಲೆಗೆ ಮೊದಲ ಚಿತ್ರ ತಂದ ಎಟಿಎಸ್-6 ಮಾತ್ರ 1979ರಲ್ಲೇ ನಿವೃತ್ತಿಯಾಯಿತು.